ಕಿಸೆ

ಇದ್ದಿಲಿಗೆ ಇನ್ನೂ ಕೆಂಡ ಹತ್ತಿದ್ದಿಲ್ಲ.
ಮುಳಗುಂದ ನಾಕಾದ ತಿರುವಿನ್ಯಾಗ
ಮೂರು ಬಿಳಿ ಕಾರು ಬಂದು ನಿಂತ್ವು.
ಇಳಿದವ ಕೇಳಿದ, ಬೆಂಗಳೂರಿನ ಮಾತು:
ಓದೋಕೆ ಬರುತ್ತಾ ನಿನಗೆ?
ಸಹಿ ಬರ್ತದ್ರಿ, ಅಂದೆ.
ಸಾಕು. ನೀನೇ ಪಂಚ.

ಹೆಸರು: ಫಕ್ಕೀರಪ್ಪ ಮಡಿವಾಳರ.
ವಯಸ್ಸು: ಐವತ್ತೆರಡೋ ಮೂರೋ.
ಉದ್ಯೋಗ: ಇಸ್ತ್ರಿ ಬಂಡಿ.
ಅವರು ‘ಸ್ವಂತ ವ್ಯವಹಾರ’ ಅಂತ ಬರಕೊಂಡ್ರು.
ಕೇಳಾಕ ಚೊಲೊ ಅನಿಸ್ತು.

ಕೊಟಗಿ ಸಾಹುಕಾರರ ಮನಿಯೊಳಗ
ಹದಿನಾಕು ವರ್ಷದಾಗ ನಾ ಕಟ್ಟಿ ದಾಟಿದವನಲ್ಲ.
ಗಂಟು ಇಡೂದು, ಗಂಟು ಎತ್ತೂದು, ತಿರುಗೂದು.
ಅವತ್ತು ದೇವರ ಕೋಣಿಯ ಬಾಗಿಲ ತನಕ ಕರಕೊಂಡು ಹೋಗಿ
ನೋಡಿ, ಎಲ್ಲ ನಿಮ್ಮ ಕಣ್ಣೆದುರೇ, ಅಂದ್ರು.
ಹೊರಗ ನೀನು ಆಗಿದ್ದಾಂವ ಒಳಗ ನೀವು ಆದೆ.
ಕಾಯ್ದೆಕ್ಕ ಇಷ್ಟು ಮರ್ಯಾದಿ ಐತಿ ಅಂತ ಗೊತ್ತಿದ್ದಿಲ್ಲ.

ಕಪಾಟು ತೆಗೆದ್ರು.
ಒಳಗ ನಾನೇ ಇದ್ದೆ, ಒಂದರ ಮ್ಯಾಲ ಒಂದು,
ನನ್ನ ಮಡಿಕಿ, ನನ್ನ ಗೆರಿ.
ಮೀಸಿ ಚಿಗುರದ ಹುಡುಗ ಒಬ್ಬಾಂವ ಕೈಚೀಲ ತೊಟ್ಟು
ಒಂದೊಂದ ಅಂಗಿ ಕೊಡವಿ
ಕಿಸೆದಾಗ ಎರಡು ಬೆರಳು ಇಳಿಸಿದ.

ತಮ್ಮಾ, ಅದು ನನ್ನ ಕೆಲಸ.
ವಾರಂಟ್ ಇಲ್ಲದ ಈ ಓಣಿ ಕಿಸೆ ಎಲ್ಲ ತಡಕಿದಾಂವ ನಾ.
ಐನೂರರ ನೋಟು, ಗುಳಿಗಿ ಚೀಟಿ,
ಹುಬ್ಬಳ್ಳಿ ಲಾಡ್ಜಿನ ಬಿಲ್ಲು
(ಯಾರ ಕಿಸೆ ಅಂತ ಹೇಳೂದಿಲ್ಲ)
ಹಾಳಿ ತುಂಡಿನ್ಯಾಗ ಸುತ್ತಿ, ಬಟ್ಟಿ ಮ್ಯಾಲ ಇಟ್ಟು
ಹೊಳ್ಳಿ ಕೊಟ್ಟೇನಿ.
ನೀವು ಕೊಡೂದಿಲ್ಲ. ರಸೀದಿ ಕೊಡ್ತೀರಿ.

ರೊಕ್ಕ ಎಣಿಸೋ ಮಷಿನ್ನು ಬುರ್ರಂತು.
ದಿನಾ ಮೂವತ್ತರಂಗ ನನ್ನ ಪಿಗ್ಮಿನೂ
ಸಾಹುಕಾರರ ಸೌಹಾರ್ದದಾಗ ಸಿಕ್ಕೊಂಡಾವ.
ಇದರಾಗ ನನ್ನವು ಯಾವು?
ಕೇಳಬೇಕಂತ ಬಾಯಿ ತನಕ ಬಂತು.
ಪಂಚ ಕೇಳೂದಲ್ಲ, ನೋಡೂದು.
ನೋಡಿದೆ. ಕಟ್ಟು ಕಟ್ಟಿದ್ರು, ಅರಗು ಇಟ್ಟರು,
ಅರಗಿನ ಮ್ಯಾಲ ನನ್ನ ಸಹಿ.

ಶಾಂತವೀರಮ್ಮ ಎಲ್ಲಾರಿಗೂ ಚಾ ತಂದ್ರು,
ನಡುಗೋ ಕೈಲೆ, ಹನ್ನೊಂದು ಕಪ್ಪು.
ನನಗೂ ಒಂದು. ಕಿವಿ ಇದ್ದದ್ದು.
ಹಿಂದೆ ನನ್ನ ಚಾ
ಹಿತ್ತಲ ಗೂಟದಾಗಿನ ಸ್ಟೀಲ್ ಗ್ಲಾಸಿನ್ಯಾಗ ಬರ್ತಿತ್ತು.

ಸಂಜಿಮುಂದ ಮೇಡಂ ಒಂದು ಕಾಗದ ಓದಿದ್ರು.
‘ನಂಬಲು ಕಾರಣವಿದೆ’ ಅಂತ ಮೂರು ಸಲ ಬಂತು.
ಯಾರು ನಂಬ್ಯಾರ, ಯಾವ ಕಾರಣ,
ಅದು ಇನ್ನೊಂದು ಕಾಗದದಾಗ ಐತಂತ.
ಬಂಧನದ ಕಾರಣ ನೀವೇ ಓದಿ ಸಹಿ ಮಾಡಿ, ಅಂದ್ರು.
ಸಾಹುಕಾರರು ಚಾಳೀಸು ಹುಡುಕಿದ್ರು, ಅಂಗಿ ತಡವಿಕೊಂಡ್ರು,
ಹಾಸಿಗಿ ಕೆಳಗ ಬಗ್ಗಿದ್ರು.
ಚಾಳೀಸು ಮೇಜಿನ ಮ್ಯಾಲ, ಐದು ಫೋನಿನ ಸಾಲಿನ್ಯಾಗ
ನಂಬರು ಹಚ್ಚಿಸಿಕೊಂಡು ಕುಂತಿತ್ತು.
ಮೇಡಂ ನಕ್ಕರು. ಬಿಡಿಸಿ ಕೊಟ್ಟರು.
ಬಿಟ್ಟದ್ದು ಅದೊಂದೇ.

ಹೊರಗ ಹೊಂಟಾಗ ಅವರ ಮೈಮ್ಯಾಲ ಮನಿ ಅಂಗಿ,
ಸುಕ್ಕು ಸುಕ್ಕು, ಮೊಣಕೈ ತನಕ.
ಓಣಿ ತುಂಬ ಮಂದಿ. ಯಾರೋ ಸೀಟಿ ಹೊಡೆದ್ರು.
ನನಗ ನಾಚಿಕಿ ಆತು,
ಅವರ ಸಲುವಾಗಿ ಅಲ್ಲ, ಆ ಅಂಗಿ ಸಲುವಾಗಿ.

ಇಪ್ಪತ್ಮೂರು ಪುಟ. ಪುಟಕ್ಕೊಂದು ಸಹಿ.
ಕಡೀ ಸಹಿ ನನ್ನಂಗ ಬರಲಿಲ್ಲ.

ಈಗ ಮನಿಗೂ ಕಾಗದ ಹಚ್ಚ್ಯಾರ.
ಅಮ್ಮಾರು ಲಕ್ಷ್ಮೇಶ್ವರದ ತವರಿಗೆ ಹೋದ್ರಂತ.
ಮಾರೂಹಂಗಿಲ್ಲ, ಇರೂಹಂಗಿಲ್ಲ, ಕೋರ್ಟು ಹೇಳೋತನಕ.

ನನ್ನ ಬಂಡಿ ಕೆಳಗ ಒಂದು ಗಂಟು ಉಳದೈತಿ.
ಹಿಂದಿನ ದಿನ ತಂದದ್ದು: ಏಳು ಅಂಗಿ, ಎರಡು ಧೋತರ.
ಆ ಪಟ್ಟಿಯೊಳಗ ಇಲ್ಲ.
ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.
ಪೆಟ್ಟಿಗಿ ಕಾದಾಗೊಮ್ಮೆ ಅದರ ಕಡೆ ಕೈ ಹೋಗ್ತದ.
ಇಸ್ತ್ರಿ ಹಾಕೂಕಿಂತ ಮೊದಲ
ಕಿಸೆ ನೋಡಬೇಕು.

ನೋಡಿಲ್ಲ ಇನ್ನೂ.