ನಿಲ್ಲುವ ಜಾಗಗಳ ಪಟ್ಟಿ

ರಾತ್ರಿ ಪಾಳಿ. ಹಾಸನದ ದೊಡ್ಡಾಸ್ಪತ್ರೆಯ ಹಿಂದಿನ ಗೇಟು.
ಯಾರೂ ಬಂದು ಕೇಳದ ಎಕ್ಸ್‌ರೇ ಫಿಲ್ಮೊಂದನ್ನು
ಆಂಬುಲೆನ್ಸಿನ ಬಾನೆಟ್ಟಿನ ಮೇಲೆ ಹಾಸಿ
ನಾವು ಆಲ್ಪ್ಸ್ ಬರೆಯುತ್ತೇವೆ.

ಸಿಸ್ಟರ್ ಫ್ಲೇವಿಯ ಕೈಯಲ್ಲಿ ಕೆಂಪು ಮಾರ್ಕರು.
ಲ್ಯಾಬಿನ ಇಮ್ದಾದನ ಕೈಯಲ್ಲಿ ಫೋನು, ಅದರೊಳಗೆ ದಾರಿ.
ನನ್ನ ಕೈಯಲ್ಲಿ ಬನ್ನು.
ಓಡಿಸುವವನು ನಾನು, ಅದು ಮೊದಲ ದಿನವೇ ತೀರ್ಮಾನ.

ಮ್ಯೂನಿಕ್ಕಿನಲ್ಲಿ ಬಾಡಿಗೆ ಕಾರು.
ಇನ್ಸ್‌ಬ್ರುಕ್ಕು, ಬ್ರೆನ್ನರ್ ಹತ್ತಿಳಿದರೆ ಇಟಲಿ,
ಸ್ಟೆಲ್ವಿಯೊ ದಾಟಿ ಸ್ವಿಸ್ಸು, ಫುರ್ಕಾ ಇಳಿದು ಫ್ರಾನ್ಸು.
ಹನ್ನೊಂದು ದಿನ, ಐದು ದೇಶ.
'ಒಂದು ದೇಶ ಮುಗಿದದ್ದು ಹೆಂಗೆ ಗೊತ್ತಾಗುತ್ತೆ?' ಅಂದೆ.
'ನೀಲಿ ಬೋರ್ಡಿರುತ್ತೆ. ಅಷ್ಟೆ,' ಅಂದ ಇಮ್ದಾದ್.
'ಒಂದೊಂದ್ಸಲ ನಿಲ್ಲಿಸ್ತಾರಂತೆ. ಒಂದೊಂದ್ಸಲ.'
ಹಿಂಬಾಗಿಲು ತೆಗೆಸಿ, ಟಾರ್ಚು ಬಿಟ್ಟು
'ಪೇಷಂಟು ನಿಜಾನಾ?' ಅನ್ನುವವನು ಇಲ್ಲವೇ ಇಲ್ಲ.
ನಂಬಿಕೆ ಬರಲಿಲ್ಲ ನನಗೆ.

ಪರ್ಮಿಟ್ಟಿಗೆ ಆರ್‌ಟಿಓ ಕಚೇರಿಗೆ ಹೋಗಿದ್ದೆ.
ಗುಮಾಸ್ತ ಕನ್ನಡಕ ಹಣೆಗೇರಿಸಿ, 'ಯಾವ ದೇಶಕ್ಕೆ, ಮೊಗಣ್ಣ?'
ಐದನ್ನೂ ಹೇಳಿದೆ, ಮಗ್ಗಿ ಒಪ್ಪಿಸಿದ ಹಾಗೆ.
'ಇರೋದು ಒಂದು ಗೆರೆ ಕಣಯ್ಯ,' ಅಂದ,
ಚಿಕ್ಕದಾಗಿ ಬರೀತೀನಿ ಅಂದೆ.

ಜೂನಿಗೆ ಮುಂಚೆ ಅಲ್ಲಿಯ ಮೇಲಿನ ದಾರಿಗೆ ಬೀಗ, ಹಿಮದ್ದು.
ನಮ್ಮ ಶಿರಾಡಿಗೆ ಬೀಗ ಬೀಳುವುದೇ ಜೂನಿನ ಮೇಲೆ, ಮಣ್ಣಿನದ್ದು.

ಸ್ಟೆಲ್ವಿಯೊಗೆ ಈ ಕಡೆಯಿಂದ ನಲವತ್ತೆಂಟು ತಿರುವು,
ಒಂದೊಂದಕ್ಕೂ ನಂಬರು.
ಕಪ್ಪು ಫಿಲ್ಮಿನ ಮೇಲೆ ಕೆಂಪು ಎಲ್ಲಿ ಕಾಣಬೇಕು?
ಹೆಡ್‌ಲೈಟಿಗೆ ಹಿಡಿದಾಗ ಮಾತ್ರ
ಯಾರದೋ ಪಕ್ಕೆಲುಬುಗಳ ನಡುವೆ
ಅತ್ತ ಇತ್ತ ವಾಲುತ್ತ ಹತ್ತುತ್ತದೆ ನಮ್ಮ ರಸ್ತೆ.
ಎಡಗಡೆಯ ಏಳನೆಯದು ಮುರಿದಿತ್ತು.
'ಇಲ್ಲಿ ಕಾಮಗಾರಿ ನಡೀತಿದೆ,' ಅಂದಳು ಫ್ಲೇವಿ.
ನಕ್ಕೆವು. ಆಮೇಲೆ, ನಗಬಾರದಿತ್ತೇನೋ ಅನ್ನಿಸಿ,
ಯಾರೂ ಮಾತಾಡದೆ ಟೀ ಮುಗಿಸಿದೆವು.

'ಸರಿ, ಎಲ್ಲೆಲ್ಲಿ ನಿಲ್ಲೋಣ?' ಕೇಳಿದಳು ಒಂದು ರಾತ್ರಿ.
ನನಗೆ ಉತ್ತರ ಹೊಳೆಯಲಿಲ್ಲ.

ಹದಿನಾಲ್ಕು ವರ್ಷ ಹಾಸನದಿಂದ ಮಂಗಳೂರಿಗೆ.
ಆ ಘಾಟಿ ನನ್ನ ಕಣ್ಣಿಗಲ್ಲ, ಅಂಗೈಗೆ ಗೊತ್ತು:
ದೋಣಿಗಾಲಿನ ಗುಂಡಿಗೆ ಎಷ್ಟು ಬ್ರೇಕು,
ಮಾರನಹಳ್ಳಿ ಇಳಿಜಾರಿನಲ್ಲಿ ಡ್ರಿಪ್ ಬಾಟಲಿ ಯಾವ ಕಡೆ ತೂಗುತ್ತೆ,
ಗುಂಡ್ಯದ ಹತ್ತಿರ ಸಿಗ್ನಲ್ಲು ಸಿಕ್ಕು
ಹಿಂದೆ ಕೂತವರು ಯಾವ ಮಾತಿಗೆ ಅಳಲು ಶುರುಮಾಡುತ್ತಾರೆ.
ಅಲ್ಲಿ ಹಸಿರಿದೆಯಂತೆ. ಇರಬಹುದು.
ನಾನು ನೋಡಿದ ಹಸಿರು ಕನ್ನಡಿಯೊಳಗಿನದು,
ಮಾನಿಟರಿನ ಒಂದು ಗೀಟು.
ಅದು ಕುಣಿಯುತ್ತಿರಬೇಕು, ಅಷ್ಟೇ ನನ್ನ ಹರಕೆ.

'ಎಲ್ಲಾ ತಿರುವಿನಲ್ಲೂ,' ಅಂದೆ.
'ನಲವತ್ತೆಂಟರಲ್ಲೂ?'
'ಹನ್ನೊಂದು ನಿಮಿಷ. ಒಂದೊಂದರಲ್ಲೂ.'
ಇಮ್ದಾದ್ ಲೆಕ್ಕ ಹಾಕಿ ತಲೆ ಚಚ್ಚಿಕೊಂಡ:
ಅಣ್ಣಾ, ಬರೀ ನಿಲ್ಲೋದಕ್ಕೇ ಒಂದು ದಿನ ಹೋಯ್ತು.
ಹೋಗಲಿ.

ಮೊನ್ನೆ ಮಂಗಳವಾರ ಒಬ್ಬ ಮುದುಕನನ್ನು
ಉಸಿರಿರುವಂತೆಯೇ ಮಂಗಳೂರು ಮುಟ್ಟಿಸಿ
ಬರಿಗಾಡಿಯಲ್ಲಿ ವಾಪಸು ಬರುತ್ತಿದ್ದೆವು, ಬೆಳಗಿನ ಆರು.
ಗುಂಡ್ಯ ದಾಟಿ ಮೇಲೆ, ಹೆಸರಿಲ್ಲದ ಒಂದು ತಿರುವಿನಲ್ಲಿ
ಬದಿಗೆ ಹಾಕಿ ಎಂಜಿನ್ನು ಆರಿಸಿದೆ.
ಪಕ್ಕದಲ್ಲಿ ತೂಕಡಿಸುತ್ತಿದ್ದ ಫ್ಲೇವಿ
ಗಾಬರಿಬಿದ್ದು ಹಿಂದಕ್ಕೆ ತಿರುಗಿದಳು, ಖಾಲಿ ಸ್ಟ್ರೆಚರಿನ ಕಡೆ.
'ಏನಾಯ್ತು?'
'ಏನಿಲ್ಲ. ಪ್ರಾಕ್ಟೀಸು.'

ಇಳಿದು ನಿಂತೆವು. ಮಂಜು. ಏನೇನೂ ಇಲ್ಲ.
ಕೆಳಗೆಲ್ಲೋ ನೀರು ಹರಿಯುವ ಸದ್ದು,
ಬಿಸಿ ಬಾನೆಟ್ಟು ಟಿಕ್ ಟಿಕ್ ಅನ್ನುತ್ತಿತ್ತು.
ನಾಲ್ಕನೆಯ ನಿಮಿಷಕ್ಕೆ ನನ್ನ ಕಾಲು
ಇಲ್ಲದ ಕ್ಲಚ್ಚನ್ನು ಹುಡುಕತೊಡಗಿತು.

ಮೇಲಿಂದ ಬಂದ ಟ್ಯಾಂಕರೊಂದು ನಿಧಾನಿಸಿ,
ಡ್ರೈವರು ತಲೆಯ ಮೇಲಿನ ಟವೆಲು ತೆಗೆದು
ಮೆಲ್ಲಗೆ ಕೇಳಿದ: 'ಹೋಗ್ಬಿಟ್ರಾ?'
'ಇಲ್ಲಣ್ಣ, ನೋಡ್ತಾ ಇದೀವಿ.'
'ಏನನ್ನ?'

ಫ್ಲೇವಿ ಕೈ ತೋರಿಸಿದಳು.
ಅವನೂ ಕತ್ತು ಹೊರಚಾಚಿ
ಆ ಬಿಳಿಯೊಳಗೆ ಒಂದಿಷ್ಟು ಹೊತ್ತು ನೋಡಿದ,
ಟವೆಲು ಕೈಯಲ್ಲೇ ಇತ್ತು.