ಝಳಕಿ ತನಕ

ಇಂಡಿಯೊಳಗ ಲಿಂಬಿಹಣ್ಣು ತುಂಬಿ ಹಗ್ಗ ಬಿಗಿದ ಮ್ಯಾಲೆ
ಲಾಲಸಾಬ ಕಾಕಾ ಕೀಲಿ ನನ್ನ ಕಡೆ ಒಗದ:
‘ಝಳಕಿ ತನಕ ನೀ ಹೊಡಿ. ಆಮ್ಯಾಲೆ ಹೇಳು,
ಅರ್ಜಿ ಹಾಕಾಂವೋ ಇಲ್ಲೋ.’

ನಾಕು ವರ್ಷ ಗಾಜು ಒರಸೀನಿ,
ಗಾಲಿಗೆ ಕಲ್ಲು ಕೊಟ್ಟೀನಿ,
ಹಿಂದ ನಿಂತು ‘ಬರ್ಲಿ, ಬರ್ಲಿ’ ಅಂದೀನಿ.
ಹಿಂದಿಂದಷ್ಟ ನೋಡೂದು ನನ್ನ ಕೆಲಸ ಆಗಿತ್ತು.

ಕಾಕಾನ ಬಲಗೈ ಎಡಗೈಕಿಂತ ಕರ್ರಗ,
ಕಿಟಕಿ ಬಿಸಲು ಮೂವತ್ತು ವರ್ಷ ತಿಂದದ್ದು.
ಮಗಳ ಮದುವಿ ಯಾವಾಗಾತು ಅಂದರ
‘ಸೂರತ್ತಿಗೆ ಮಾಲು ಇಳಿಸಿದ ಮರುದಿನ’ ಅಂತಾನ.
ತಾರೀಖು ಗೊತ್ತಿಲ್ಲ.

ಅಕ್ಕ ಹೇಳ್ತಾಳ, ವಿಜಯಪುರದಾಗ ಬ್ಯಾಟರಿ ಅಂಗಡಿ ಐತಿ,
ಪಗಾರ ಕಮ್ಮಿ, ಸಂಜಿಗೆ ಮನಿ.
ಸಂಜಿಗೆ ಮನಿ.
ಹಲ್ಲಿನ್ಯಾಗ ಸಿಕ್ಕ ಅಡಕಿ ಚೂರಿನಂಗ
ಆ ಮಾತು ಹೊರಗ ಬರವಲ್ದು.

ಕ್ಲಚ್ ಬಿಟ್ಟೆ.
ಬೆನ್ನ ಹಿಂದ ಹದಿನಾರು ಟನ್ ಹುಳಿ
ಒಮ್ಮೆ ಜಗ್ಗಿ, ನನ್ನ ಮಾತು ಕೇಳಿ, ಸರೀತು.
ಕಾಕಾ ನನ್ನ ಸೀಟಿನ್ಯಾಗ ಕಾಲು ಮಡಚಿ
ಆಗಲೇ ಗೊರಕಿ ಹೊಡ್ಯಾಕ ಹತ್ತಿದ್ದ,
ಎರಡು ರಾತ್ರಿ ಸಾಲ ತೀರಿಸಾಂವನಂಗ.

ಝಳಕಿ ಬಂತು.
ಎಬ್ಬಿಸಬೇಕಿತ್ತು.
ಕಿಸೆದಾಗಿನ ಅರ್ಜಿ ಬೆವರಿಗೆ ಮೆತ್ತಗಾಗಿ
ಸಹಿ ಮಾಡೂ ಜಾಗಾ ಇನ್ನೂ ಬೆಳ್ಳಗ.
ಹಾರ್ನಿನ ಮ್ಯಾಲಿಂದ ಕೈ ತಗದೆ,
ಗೇರ್ ಮಾತ್ರ ಬದಲಿ ಮಾಡಿದೆ.