ಕಾರಣ ಬರೆಯುವ ಜಾಗ

ಅರ್ಜಿಯಲ್ಲಿ ಅಪ್ಪನ ಹೆಸರಿಗೆ ಎರಡು ಸಾಲು,
ವಿಳಾಸಕ್ಕೆ ನಾಲ್ಕು.
'ಕಾರಣ' ಅನ್ನುವುದರ ಮುಂದೆ ಬಿಟ್ಟ ಜಾಗ
ನನ್ನ ಕಿರುಬೆರಳಿನಷ್ಟಿದೆ.

ಗುಮಾಸ್ತ ಆಂಜಿನಪ್ಪ ಕನ್ನಡಕ ಹಣೆಗೇರಿಸಿ ಹೇಳಿದರು:
"ಮದುವೆ ಅಂತ ಬರ್ದುಬಿಡಮ್ಮ, ಸಲೀಸು.
ಕಾಯಿಲೆ ಅಂದ್ರೆ ಡಾಕ್ಟರ ಸಹಿ, ಮೊಹರು, ಮೂರು ಜೆರಾಕ್ಸು.
ಮದುವೆಗೆ ಯಾರೂ ಪುರಾವೆ ಕೇಳಲ್ಲ."
ಅವರು ನಗಲಿಲ್ಲ. ನನಗಿಂತ ಮುಂಚೆ ಹೋದ ಸುಮಿತ್ರ
ಅದನ್ನೇ ಬರೆದು ಹೋದಳು,
ಲಕ್ವಾ ಹೊಡೆದ ಅಜ್ಜಿಯ ಬಟ್ಟೆ ಒಗೆಯಲು, ಬಾಗೇಪಲ್ಲಿಗೆ.

ಎಲ್ಲಿಂದ ಶುರು ಮಾಡಲಿ, ಸಾರ್, ಈ ಕಿರುಬೆರಳಲ್ಲಿ?

ಶಿಡ್ಲಘಟ್ಟದಲ್ಲಿ ನಮ್ಮ ಮನೆಯೆಂದರೆ
ಮುಂದೆ ಚರಕ, ಹಿಂದೆ ಒಲೆ, ನಡುವೆ ನಾವು.
ಬೆಳಗಿನ ನಾಲ್ಕಕ್ಕೇ ಬಾಂಡ್ಲಿಯಲ್ಲಿ ಗೂಡುಗಳು ಕುದಿಯುತ್ತವೆ.
ಸತ್ತ ಹುಳದ ವಾಸನೆ ನಮಗೆ ವಾಸನೆಯಲ್ಲ,
ನೆಂಟರಿಗೆ ಮಾತ್ರ.
ಅಲಿಫ್ ಬೇ, ಅ ಆ, ಎ ಬಿ ಸಿ, ಮೂರಕ್ಕೂ ಮೊದಲು
ನಾನು ಕಲಿತದ್ದು ಗೂಡಿನ ಎಳೆಯ ತುದಿ ಹುಡುಕುವುದು.

"ಒಂದು ಗೂಡಲ್ಲಿ ಒಂದು ಕಿಲೋಮೀಟರು ದಾರವಂತೆ, ಅಮ್ಮಿ."
ಪುಸ್ತಕ ನೋಡಿ ನಾನು ಹೇಳಿದ ದಿನ
ಅಮ್ಮಿ ಕೈ ನಿಲ್ಲಿಸದೆ ಲೆಕ್ಕ ಹಾಕಿದಳು:
"ಹಾಗಾದರೆ ಕೋಲಾರಕ್ಕೆ ಅರವತ್ತು ಗೂಡು ಸಾಕು.
ನಡುವೆ ಕಡಿಯದಿದ್ದರೆ."

ಚಿಂತಾಮಣಿಯ ಬಸ್ಸು, ಅಲ್ಲಿಂದ ಇನ್ನೊಂದು.
ಕಿಟಕಿ ಪಕ್ಕ ಸಿಕ್ಕಿದರೆ ಓದು, ಸಿಗದಿದ್ದರೆ ನಿದ್ದೆ.
ಎಮ್ಮೆಸ್ಸಿ ಕೆಮಿಸ್ಟ್ರಿ, ಮೂರನೆ ಸೆಮಿಸ್ಟರು.
ಪ್ರಾಜೆಕ್ಟಿಗೆ ನಾನೇ ಆರಿಸಿಕೊಂಡದ್ದು
ಸೆರಿಸಿನ್: ರೇಷ್ಮೆಯ ಮೈಗೆ ಹತ್ತಿದ ಅಂಟು,
ಬಾಂಡ್ಲಿಯ ನೀರಿನ ಜೊತೆ ನಾವು ಚರಂಡಿಗೆ ಚೆಲ್ಲುವುದು.
ಶಶಿರೇಖಾ ಮೇಡಂ "ಭೇಷ್" ಅಂದಿದ್ದರು.

ಲ್ಯಾಬಿನ ಹೊಗೆಪೆಟ್ಟಿಗೆಯ ಫ್ಯಾನು ತಿರುಗುವುದಿಲ್ಲ;
ಅದರೊಳಗೆ ಅಟೆಂಡರ್ ಊಟದ ಡಬ್ಬಿ ಇಡುತ್ತಾನೆ.
ಆಸಿಡ್ಡಿನ ಮುಚ್ಚಳ ತೆಗೆದರೆ ಸಾಕು,
ಎದೆಯೊಳಗೆ ಬೆಕ್ಕಿನ ಮರಿಗಳು.
ಆಗಸ್ಟಿನ ಒಂದು ಬುಧವಾರ
ಪಿಪೆಟ್ಟು ಕೈಜಾರಿತು. ಹಿಂದೆಯೇ ನಾನು.
ಎಲ್ಲರೂ "ಉಸಿರು ತಗೋ" ಅನ್ನುತ್ತಿದ್ದಾಗ
ಲೋಹಿತಾ ಒಬ್ಬಳೇ ಬೆನ್ನು ಹಿಡಿದು
"ಬಿಡೆ, ಬಿಡೆ" ಅನ್ನುತ್ತಿದ್ದಳು.

ಟಮಕದ ಆಸ್ಪತ್ರೆಯ ಡಾಕ್ಟರು ಎರಡೇ ಪ್ರಶ್ನೆ ಕೇಳಿದರು.
ಮನೆಯಲ್ಲಿ ಏನು ಕೆಲಸ? ರೀಲಿಂಗ್.
ಎಷ್ಟು ವರ್ಷದಿಂದ? ನನ್ನ ವಯಸ್ಸು ಹೇಳಿದೆ.
ಗೂಡಿನ ಅಂಟು ಆವಿಯಲ್ಲಿ ಏರಿ ಎದೆಗಿಳಿಯುವುದನ್ನು
ಚೀಟಿಯ ಹಿಂದೆ ಬಿಡಿಸಿ ತೋರಿಸಿದರು.
ಅದರ ಹೆಸರಿಗೆ ತಡವರಿಸಿದಾಗ
ನಾನೇ ಹೇಳಿಕೊಟ್ಟೆ.

ಲ್ಯಾಬು ಬಿಡಬೇಕು, ಮನೆಯನ್ನೂ ಬಿಡಬೇಕು.
ಎರಡರಲ್ಲಿ ಒಂದನ್ನು ಬಿಡುವುದಕ್ಕೆ ಮಾತ್ರ
ಅರ್ಜಿಯ ನಮೂನೆ ಇದೆ.

ಅಮ್ಮಿ ಅಳಲಿಲ್ಲ. ಚರಕ ನಿಲ್ಲಿಸಿದಳು ಅಷ್ಟೇ,
ನಾನು ಕಂಡಂತೆ ಮೊದಲ ಸಲ, ಕರೆಂಟು ಇರುವಾಗ.
ಎಳೆ ಕಡಿದರೆ ಅವಳು ಗಂಟು ಹಾಕುವವಳಲ್ಲ.
ಬೇರೆ ಗೂಡಿನ ತುದಿ ಓಡುವ ದಾರದ ಮೇಲೆ ಎಸೆಯುತ್ತಾಳೆ;
ತನ್ನ ಅಂಟಿನಿಂದ ತಾನೇ ಕೂಡಿಕೊಳ್ಳುತ್ತದೆ.
ಅದಕ್ಕೆ ದಾರ ಓಡುತ್ತಿರಬೇಕು.

ಆಂಜಿನಪ್ಪ ಕಾಯುತ್ತಿದ್ದಾರೆ. ಊಟದ ಹೊತ್ತು.
'ಉಸಿರು' ಅಂತ ಬರೆದೆ. ಜಾಗ ಸರಿಹೋಯಿತು.
ಅವರು ಅದರ ಮೇಲೆ ಬಿಳಿ ಬಳಿದು, ಊದಿ ಆರಿಸಿ,
ದುಂಡಗೆ 'ಅನಾರೋಗ್ಯ' ಬರೆದರು.

ಮರುಪ್ರವೇಶ ಬಯಸುವಿರಾ? ಹೌದು / ಇಲ್ಲ.
ಅನ್ವಯಿಸದಿರುವುದನ್ನು ಹೊಡೆದುಹಾಕಿ.

ನಾನು ಯಾವುದನ್ನೂ ಹೊಡೆಯಲಿಲ್ಲ.
ಅವರು ನೋಡಿದರು. ಪೆನ್ನು ಎತ್ತಿದರು, ಇಟ್ಟರು.
"ಪಿಪೆಟ್ಟಿಗೆ ನೂರ ನಲವತ್ತು ಕಡಿತ" ಅಂದು
ಡಿಪಾಜಿಟ್ಟಿನಲ್ಲಿ ಉಳಿದ ಮುನ್ನೂರ ಅರವತ್ತು
ಎರಡು ಸಲ ಎಣಿಸಿ ಕೊಟ್ಟರು.